ದಾನದ ದಟ್ಟಿಗೆ ಮೊಳ ಹಾಕಿದವರು

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದನಂತೆ ಎಂಬ ಗಾದೆಯನ್ನು ಕೇಳದ ಕನ್ನಡಿಗರು ಕಡಿಮೆ. ಪುಕ್ಕಟೆ ಸಿಕ್ಕಿದ ಬಟ್ಟೆಯ ಉದ್ದ ಅಳೆಯುವವನು ಕೃತಘ್ನ ಎಂಬುದು ಅದರ ತಾತ್ಪರ್ಯ. ಈ ಗಾದೆಯನ್ನು ಕಟ್ಟಿದವನು ಯಾರಿರಬಹುದು ಎಂದು ನಾವು ಆಗಾಗ ಯೋಚಿಸಿದ್ದುಂಟು. ದಟ್ಟಿ ಪಡೆದವನಂತೂ ಆಗಿರಲಾರ. ಅದನ್ನು ಉಡಬೇಕಾದವನು ಅವನು. ಮೈ ಮುಚ್ಚುತ್ತದೆಯೋ ಇಲ್ಲವೋ ಎಂದು ಅವನು ನೋಡದೆ ಇನ್ನಾರು ನೋಡಬೇಕು? ಅಂಗಳದಲ್ಲಿ, ಕೊಟ್ಟವನ ಎದುರಿನಲ್ಲೇ ಅಳೆಯುವ ಧೈರ್ಯ ಇಲ್ಲದ್ದರಿಂದ ತಾನೇ ಆ ಪಾಪದವನು ಹಿತ್ತಲಿಗೆ ಹೋದದ್ದು?

ಕೊಟ್ಟದ್ದನ್ನು ಅಳೆಯುವ ಹಕ್ಕು ಪಡೆದವನಿಗೆ ಇದೆಯೇ ಎಂಬುದು ನೋಡಲಿಕ್ಕೆ ಸಣ್ಣ ಪ್ರಶ್ನೆ. ಆದರೆ ಕೊಡುವ ಕೈ ಒಂದು ಖಂಡದಲ್ಲಿದ್ದು ಪಡೆಯುವ ಕೈ ಇನ್ನೊಂದು ಖಂಡದಲ್ಲಿದ್ದಾಗ, ಪಡೆಯುವವರು ಎಂಟು ಹತ್ತು ವರ್ಷದ ಮಕ್ಕಳಾಗಿದ್ದಾಗ ಅದು ಸಣ್ಣದಾಗಿ ಉಳಿಯುವುದಿಲ್ಲ. ಬಡ ದೇಶಗಳ ಶಾಲಾ ಮಕ್ಕಳಿಗೆ ಕಂಪ್ಯೂಟರ್ ಕೊಡುವ ದೊಡ್ಡ ಕನಸೊಂದು ಈ ಶತಮಾನದ ಆರಂಭದಲ್ಲಿ ಹುಟ್ಟಿ, ಬೆಳೆದು, ಬಾಡಿದ ಕತೆ ಈಗ ನಮ್ಮ ಮುಂದಿದೆ. ಅದನ್ನು ಇಟ್ಟುಕೊಂಡು ಈ ಪ್ರಶ್ನೆಯನ್ನು ಸ್ವಲ್ಪ ವಿಚಾರಿಸೋಣ.

ಅಮೆರಿಕದ ಎಂ.ಐ.ಟಿ.ಯ ಪ್ರಾಧ್ಯಾಪಕ ನಿಕೋಲಸ್ ನೆಗ್ರೊಪಾಂಟೆ 2005ರ ಜನವರಿಯಲ್ಲಿ ದಾವೋಸ್‌ನಲ್ಲಿ ಒಂದು ಯೋಜನೆಯನ್ನು ಲೋಕದ ಮುಂದಿಟ್ಟರು. ನೂರು ಡಾಲರಿಗೆ ಒಂದು ಲ್ಯಾಪ್‌ಟಾಪ್, ಮಗುವಿಗೊಂದು ಲ್ಯಾಪ್‌ಟಾಪ್. ಅದೇ ವರ್ಷ ನವೆಂಬರಿನಲ್ಲಿ ಟ್ಯೂನಿಸ್ ನಗರದ ಶೃಂಗಸಭೆಯಲ್ಲಿ ವಿಶ್ವಸಂಸ್ಥೆಯ ಅಂದಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಅವರ ಜೊತೆ ನಿಂತು ಅದರ ಮಾದರಿಯನ್ನು ತೋರಿಸಿದರು. ಹಸಿರು ಬಣ್ಣದ ಪುಟ್ಟ ಯಂತ್ರ. ಕರೆಂಟಿಲ್ಲದ ಊರಿನಲ್ಲಿ ತಿರುಗಿಸಿ ಚಾರ್ಜು ಮಾಡಿಕೊಳ್ಳಲು ಪಕ್ಕದಲ್ಲೊಂದು ಹಳದಿ ಹಿಡಿಕೆ. ಜಗತ್ತಿನ ಪತ್ರಿಕೆಗಳೆಲ್ಲ ಆ ಹಿಡಿಕೆಯ ಚಿತ್ರವನ್ನು ಅಚ್ಚು ಹಾಕಿದವು. ಕೊನೆಗೆ ಕಾರ್ಖಾನೆಯಿಂದ ಬಂದ ಯಂತ್ರದಲ್ಲಿ ಹಿಡಿಕೆಯೇ ಇರಲಿಲ್ಲ. 2007ರಲ್ಲಿ ತಯಾರಿಕೆ ಆರಂಭವಾಗುವ ಹೊತ್ತಿಗೆ ನೂರು ಡಾಲರಿನ ಮಾತು 188 ಡಾಲರಿಗೆ ಬಂದು ನಿಂತಿತ್ತು.

ಇದನ್ನು ಹೇಳಿ ಆ ಯಂತ್ರವನ್ನು ಹಾಸ್ಯ ಮಾಡುವುದು ನಮ್ಮ ಉದ್ದೇಶವಲ್ಲ. ಅದನ್ನು ಮಾಡಿದವರು ಬುದ್ಧಿವಂತರೂ ಹೌದು, ಒಳ್ಳೆಯ ಮನಸ್ಸಿನವರೂ ಹೌದು. ಉರಿಬಿಸಿಲಲ್ಲೂ ಓದಬಹುದಾದ ಪರದೆ, ಧೂಳು ಹೊಗದ ರಬ್ಬರಿನ ಕೀಲಿಮಣೆ, ಸೈಕಲ್ಲಿನ ಮೇಲಿನಿಂದ ಬಿದ್ದರೂ ತಾಳಿಕೊಳ್ಳುವ ಮೈಕಟ್ಟು ಎಲ್ಲವನ್ನೂ ಹಳ್ಳಿಯ ಮಗುವನ್ನು ಕಣ್ಣ ಮುಂದೆ ಇಟ್ಟುಕೊಂಡೇ ಮಾಡಿದ್ದರು. ಯಂತ್ರ ಶಾಲೆಯದ್ದಲ್ಲ, ಮಗುವಿನದ್ದೇ ಆಗಬೇಕು, ಅದು ಮನೆಗೂ ಒಯ್ಯುವಂತಿರಬೇಕು ಎಂಬುದು ಅವರ ಮೊದಲ ಷರತ್ತಾಗಿತ್ತು. ಇದರ ಹಿಂದೆ ಸೇಮರ್ ಪ್ಯಾಪರ್ಟ್ ಎಂಬ ಗಣಿತಜ್ಞರ ಚಿಂತನೆ ಇತ್ತು. ಮಗು ಪಾಠ ಕೇಳಿ ಕಲಿಯುವುದಕ್ಕಿಂತ ತಾನೇ ಏನನ್ನಾದರೂ ಕಟ್ಟುತ್ತಾ ಚೆನ್ನಾಗಿ ಕಲಿಯುತ್ತದೆ ಎಂಬ ನಂಬಿಕೆ ಅದು. ಬಡ ಮಗುವಿನ ಬುದ್ಧಿಯ ಮೇಲೆ ಇಷ್ಟೊಂದು ಭರವಸೆ ಇಟ್ಟವರು ನಮ್ಮ ಶಾಲಾ ವ್ಯವಸ್ಥೆಯಲ್ಲೂ ಕಡಿಮೆಯೇ.

ಹಾಗಾದರೆ ಎಡವಿದ್ದು ಎಲ್ಲಿ? ಅದಕ್ಕೆ ದಕ್ಷಿಣ ಅಮೆರಿಕದ ಪೆರು ದೇಶಕ್ಕೆ ಹೋಗಬೇಕು.

ಆ ದೇಶ ಎಲ್ಲರಿಗಿಂತ ಹೆಚ್ಚು, ಅಂದರೆ 8 ಲಕ್ಷಕ್ಕೂ ಮಿಕ್ಕಿ ಇಂತಹ ಲ್ಯಾಪ್‌ಟಾಪ್‌ಗಳನ್ನು ತರಿಸಿ ಮಕ್ಕಳಿಗೆ ಹಂಚಿತು. ಅದರಲ್ಲೂ ಆಂಡೀಸ್ ಪರ್ವತದ ಮೇಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗೆ ಮೊದಲು ಕೊಟ್ಟಿತು. ಅತಿ ಬಡವರಿಗೆ ಮೊದಲ ಪಾಲು ಎಂಬ ಆ ನ್ಯಾಯವನ್ನು ಯಾರಾದರೂ ಮೆಚ್ಚಬೇಕು. 2012ರಲ್ಲಿ ಇಂಟರ್-ಅಮೆರಿಕನ್ ಅಭಿವೃದ್ಧಿ ಬ್ಯಾಂಕಿನ ಸಂಶೋಧಕರು 319 ಹಳ್ಳಿ ಶಾಲೆಗಳನ್ನು ಅಧ್ಯಯನ ಮಾಡಿದ ವರದಿ ಹೊರಬಂತು. ಯಂತ್ರ ಬಂದು ಹದಿನೈದು ತಿಂಗಳಾದ ಮೇಲೂ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಆ ಮಕ್ಕಳ ಕಲಿಕೆ ಯಂತ್ರ ಸಿಗದ ಮಕ್ಕಳಿಗಿಂತ ಮೇಲೆ ಹೋಗಿರಲಿಲ್ಲ. ಪ್ರತಿ ಯಂತ್ರದೊಳಗೂ 200 ಪುಸ್ತಕಗಳನ್ನು ತುಂಬಿಸಿ ಕೊಟ್ಟಿದ್ದರು. ಓದುವ ಅಭ್ಯಾಸವೂ ಹೆಚ್ಚಿರಲಿಲ್ಲ. ಕತೆ ಬರೆಯುವವರಾದ ನಮಗೆ ವರದಿಯ ಈ ಒಂದು ವಾಕ್ಯ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಮನೆಯಲ್ಲಿ ಪುಸ್ತಕವೇ ಇಲ್ಲದ ಮಗುವಿನ ತೊಡೆಯ ಮೇಲೆ ಇನ್ನೂರು ಪುಸ್ತಕಗಳು! ಆದರೆ ಬಾ, ಇದನ್ನು ಓದೋಣ ಎಂದು ಕರೆಯುವವರು ಪಕ್ಕದಲ್ಲಿ ಇರಲಿಲ್ಲ.

ಅದೇ ವರದಿಯಲ್ಲಿ ಒಂದು ಒಳ್ಳೆಯ ಸುದ್ದಿಯೂ ಇತ್ತು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ತರ್ಕ, ಗ್ರಹಿಕೆಯಂತಹ ಸಾಮಾನ್ಯ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಆ ಮಕ್ಕಳು ಸುಮಾರು ಐದು ತಿಂಗಳ ಬೆಳವಣಿಗೆಯಷ್ಟು ಮುಂದಿದ್ದರು. ಆದರೆ ಸುಮಾರು ಹತ್ತು ವರ್ಷಗಳ ನಂತರ ಮತ್ತೆ ಹೋಗಿ ನೋಡಿದಾಗ, ಕಂಪ್ಯೂಟರ್ ಬಳಸುವ ಕೌಶಲ ಒಂದನ್ನು ಬಿಟ್ಟರೆ, ಓದಿನಲ್ಲಿ ಅವರು ಮುಂದೆ ಬಂದಿದ್ದಕ್ಕೆ ಪುರಾವೆ ಸಿಗಲಿಲ್ಲ.

ಕಾರಣ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಆ ಶಾಲೆಗಳಲ್ಲಿ ಇಂಟರ್‌ನೆಟ್ ಇರಲಿಲ್ಲವೆನ್ನುವಷ್ಟು ಕಡಿಮೆ. ಬೆಟ್ಟದ ಅನೇಕ ಮಕ್ಕಳ ಮನೆಮಾತು ಕೆಚುವಾ, ಯಂತ್ರ ಮಾತಾಡುತ್ತಿದ್ದುದು ಸ್ಪ್ಯಾನಿಷ್. ಶಿಕ್ಷಕರಿಗೆಂದು ಗೊತ್ತು ಮಾಡಿದ್ದ ತರಬೇತಿ ನಲವತ್ತು ಗಂಟೆ. ಆ ನಲವತ್ತು ಗಂಟೆಯಲ್ಲಿ ಯಂತ್ರದ ಗುಂಡಿಗಳನ್ನು ಕಲಿಯಬಹುದು, ಆರು ತರಗತಿಗಳನ್ನು ಒಬ್ಬರೇ ನಡೆಸುತ್ತಾ ಅದನ್ನು ಪಾಠದೊಳಗೆ ಬೆರೆಸುವ ಬಗೆಯನ್ನು ಕಲಿಯಲಾಗದು. ಮನೆಗೆ ಒಯ್ಯಬೇಕು ಎಂಬ ಮೂಲ ಷರತ್ತೂ ಮುರಿಯಿತು. ಅಧ್ಯಯನ ಮಾಡಿದ ಮಕ್ಕಳಲ್ಲಿ ಸುಮಾರು ನೂರಕ್ಕೆ ನಲವತ್ತು ಮಂದಿ ಮಾತ್ರ ಅದನ್ನು ಮನೆಗೆ ಕೊಂಡೊಯ್ಯುತ್ತಿದ್ದರು. ಕಳೆದರೆ, ಒಡೆದರೆ ದುಡ್ಡು ಯಾರು ಕಟ್ಟುವುದು ಎಂಬ ಹೆದರಿಕೆ.

ಈ ಹೆದರಿಕೆ ನಮಗೇನೂ ಹೊಸದಲ್ಲ. ಮಕ್ಕಳಿಗೆ ಕತೆ ಹೇಳಲೆಂದು ಹೋದ ನಮ್ಮ ಕಡೆಯ ಒಂದೆರಡು ಶಾಲೆಗಳಲ್ಲಿ, ಮುಖ್ಯೋಪಾಧ್ಯಾಯರ ಕೋಣೆಯ ಮೂಲೆಯಲ್ಲಿ, ದರ್ಜಿಯಿಂದ ಹೊಲಿಸಿದ ಹೂವಿನ ಬಟ್ಟೆಯ ಗವಸು ತೊಟ್ಟು ಕೂತ ಕಂಪ್ಯೂಟರುಗಳನ್ನು ನಾವು ಕಂಡಿದ್ದೇವೆ. ಗವಸಿನ ಪಕ್ಕದಲ್ಲಿ ದಾನಿಗಳ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಸಲಾಗಿತ್ತು. ಮುಟ್ಟಿದ್ದೀರಾ ಎಂದು ಮಕ್ಕಳನ್ನು ಕೇಳಿದರೆ, ಒರೆಸಿದ್ದೇವೆ ಎಂದರು. ಮಾಸ್ತರರನ್ನು ಬೈಯುವುದು ಸುಲಭ. ಆದರೆ ಅವರ ಮೇಜಿನ ಮೇಲೆ ದಾಸ್ತಾನು ಪುಸ್ತಕ ಇದೆ. ಆ ಪುಸ್ತಕದಲ್ಲಿ ಕಂಪ್ಯೂಟರ್ ಒಂದು ಎಂದು ಅವರೇ ಸಹಿ ಮಾಡಿದ್ದಾರೆ. ಮಗು ಕಲಿಯದಿದ್ದರೆ ಯಾರೂ ಕೇಳುವುದಿಲ್ಲ, ಯಂತ್ರ ಕೆಟ್ಟರೆ ಲೆಕ್ಕ ತಪಾಸಣೆಯವರು ಕೇಳುತ್ತಾರೆ. ಆಂಡೀಸ್ ಬೆಟ್ಟದ ಮೇಲಿನ ಗುರುಗಳು ಯಂತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಾಗ ಅವರೂ ಇದೇ ಲೆಕ್ಕವನ್ನು ಹಾಕಿದ್ದಿರಬೇಕು.

ಪೆರುವಿನ ಪಕ್ಕದಲ್ಲಿ ಇಟ್ಟು ನೋಡಬೇಕಾದ ಇನ್ನೊಂದು ದೇಶ ಅದೇ ಖಂಡದ ಪುಟ್ಟ ಉರುಗ್ವೆ. 2007ರ ಮೇ ತಿಂಗಳಲ್ಲಿ ವಿಯಾ ಕಾರ್ದಾಲ್ ಎಂಬ ಸಣ್ಣ ಊರಿನ ಶಾಲೆಯಿಂದ ಆರಂಭಿಸಿ, 2009ರ ಕೊನೆಯೊಳಗೆ ಅದು ಸರಕಾರಿ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಲ್ಯಾಪ್‌ಟಾಪ್ ಮುಟ್ಟಿಸಿತು. ಯೋಜನೆಗೆ ಸೇಬಾಲ್ ಎಂದು ಹೆಸರು. ನಮ್ಮ ಹಾಲುವಾಣದ ಬಳಗಕ್ಕೆ ಸೇರಿದ ಕೆಂಪು ಹೂವಿನ ಮರವೊಂದು ಆ ನಾಡಿನಲ್ಲಿದೆ, ಆ ಮರಗಳ ತೋಪು ಎಂದು ಅದರ ಅರ್ಥ. ಇಲ್ಲಿಯೂ ಕೊಟ್ಟದ್ದು ಅದೇ ಹಸಿರು ಯಂತ್ರ. ಇಲ್ಲಿಯೂ ಗಣಿತ ಮತ್ತು ಓದಿನ ಅಂಕಗಳು ಮೇಲೇರಲಿಲ್ಲ ಎಂದು 2014ರಲ್ಲಿ ಉರುಗ್ವೆಯ ಸಂಶೋಧಕರೇ ಬರೆದರು. ಆದರೂ ಯೋಜನೆ ಸಾಯಲಿಲ್ಲ, ಇಂದಿಗೂ ನಡೆಯುತ್ತಿದೆ. ಏಕೆಂದರೆ ಉರುಗ್ವೆ ಇದನ್ನು ದಾನ ಎಂದು ತಿಳಿಯಲಿಲ್ಲ. ಪಠ್ಯಪುಸ್ತಕದ ಹಾಗೆ ಇದೂ ಮಗುವಿನ ಹಕ್ಕು ಎಂದು ತನ್ನದೇ ಬೊಕ್ಕಸದಿಂದ ಕೊಟ್ಟಿತು. ಶಾಲೆಗಳಿಗೆ ಇಂಟರ್‌ನೆಟ್ ಎಳೆಯಿತು. ಕೆಟ್ಟ ಯಂತ್ರಗಳು ರಾಶಿ ಬಿದ್ದಾಗ ರಿಪೇರಿಗೆ ಏರ್ಪಾಡು ಮಾಡಿತು. ಇಂಗ್ಲಿಷ್ ಕಲಿಸುವವರು ಹಳ್ಳಿಗಳಲ್ಲಿ ಸಿಗದಿದ್ದಾಗ, 2012ರಿಂದ, ದೂರದ ಊರಿನ ಶಿಕ್ಷಕಿ ಪರದೆಯ ಮೇಲೆ ಬಂದು ತರಗತಿಯ ಶಿಕ್ಷಕಿಯ ಜೊತೆಗೂಡಿ ಪಾಠ ಮಾಡುವ ಕ್ರಮ ತಂದಿತು. ಅಳೆದು ನೋಡಿದಾಗ ಕಡಿಮೆ ಬಿದ್ದದ್ದನ್ನು ಸೇರಿಸುತ್ತಾ ಹೋಯಿತು. ತನ್ನ ದಟ್ಟಿಗೆ ಅಂಗಳದಲ್ಲೇ ನಿಂತು ಮೊಳ ಹಾಕಿದ ದೇಶ ಅದು.

ಹೊಸ ಯಂತ್ರಗಳ ಕತೆ ಇದಾದರೆ ಹಳೆಯ ಯಂತ್ರಗಳ ದಾನದ ಕತೆ ಇನ್ನೂ ಕಹಿ. ಶ್ರೀಮಂತ ದೇಶಗಳ ಕಚೇರಿಗಳು ಹೊರಹಾಕಿದ ಕಂಪ್ಯೂಟರುಗಳು ಮರುಬಳಕೆಗೆಂದು, ಎಷ್ಟೋ ಸಲ ಬಡ ಶಾಲೆಗಳ ಹೆಸರು ಹೇಳಿಕೊಂಡು, ಆಫ್ರಿಕಕ್ಕೆ ಹಡಗು ಹತ್ತುತ್ತಿದ್ದವು. 2005ರಲ್ಲಿ ಬಾಸೆಲ್ ಆ್ಯಕ್ಷನ್ ನೆಟ್‌ವರ್ಕ್ ಎಂಬ ಸಂಸ್ಥೆ ನೈಜೀರಿಯಾದ ಲಾಗೋಸ್ ಬಂದರಿನಲ್ಲಿ ತನಿಖೆ ನಡೆಸಿತು. ತಿಂಗಳಿಗೆ ಅಂದಾಜು 500 ಕಂಟೇನರುಗಳು ಬರುತ್ತಿದ್ದು, ಅದರಲ್ಲಿ ನೂರಕ್ಕೆ ಎಪ್ಪತ್ತೈದರಷ್ಟು ಸಾಮಾನು ರಿಪೇರಿಗೂ ಬಾರದ ಕಸವೆಂದು ಸ್ಥಳೀಯ ವ್ಯಾಪಾರಿಗಳೇ ಹೇಳಿದರು. ಘಾನಾದ ಅಕ್ರಾ ನಗರದ ಅಗ್ಬೊಗ್ಬ್ಲೊಶಿ ಎಂಬಲ್ಲಿ, 2021ರಲ್ಲಿ ಸರಕಾರ ಅದನ್ನು ತೆರವುಗೊಳಿಸುವವರೆಗೂ, ಹುಡುಗರು ತಂತಿಗಳನ್ನು ಸುಟ್ಟು ತಾಮ್ರ ಆಯುತ್ತಿದ್ದರು. ಹಳೆಯ ಕಾಲದ ದಪ್ಪ ಪರದೆಯೊಂದರಲ್ಲಿ ಒಂದೆರಡು ಕಿಲೋ ಸೀಸವೇ ಇರುತ್ತದೆ. ಪಾಠ ಕಲಿಸಲು ಬಂದ ಯಂತ್ರ ಹೊಗೆಯಾಗಿ ಮಕ್ಕಳ ಎದೆ ಸೇರಿತು.

ಇಂತಹ ದಾನವನ್ನು ನಮ್ಮ ಹಿರಿಯರು ಎಂದೋ ಗುರುತಿಸಿದ್ದರು. ಕಠೋಪನಿಷತ್ತಿನ ನಚಿಕೇತನ ತಂದೆ ಯಜ್ಞ ಮಾಡಿ, ಹಾಲು ಬತ್ತಿದ ಮುದಿ ಹಸುಗಳನ್ನು ದಾನ ಕೊಡುತ್ತಾನೆ. ಅದನ್ನು ಕಂಡು ಸಹಿಸಲಾರದೆ ಬಾಲಕ ನಚಿಕೇತ ನನ್ನನ್ನು ಯಾರಿಗೆ ಕೊಡುತ್ತೀ ಎಂದು ಕೇಳುತ್ತಾನೆ. ಆ ಕತೆಯಲ್ಲಿ ದಟ್ಟಿಗೆ ಮೊಳ ಹಾಕಿದ್ದು ಕೊಟ್ಟವನ ಮಗನೇ ಎಂಬುದನ್ನು ಓದುಗರು ಗಮನಿಸಬೇಕು. ಕುರ್‌ಆನ್ ಕೂಡ ಇದೇ ವಿಷಯದಲ್ಲಿ ಬಹಳ ನಿಷ್ಠುರವಾಗಿದೆ. ನಿಮಗೇ ಯಾರಾದರೂ ಕೊಟ್ಟರೆ ಕಣ್ಣು ಮುಚ್ಚಿಕೊಂಡಲ್ಲದೆ ತೆಗೆದುಕೊಳ್ಳಲಾರದಂತಹ ಕೆಟ್ಟ ವಸ್ತುವನ್ನು ಆರಿಸಿ ದಾನ ಮಾಡಬೇಡಿ ಎಂಬುದು ಅದರ ತಿಳಿವಳಿಕೆ. ಎರಡು ಪರಂಪರೆಗಳೂ ದಾನಿಯ ಕೈಗೇ ಅಳತೆಗೋಲನ್ನು ಕೊಟ್ಟಿವೆ. ನಾವು ಅದನ್ನು ಬಡವನ ಕೈಯಲ್ಲಿ ಕಂಡು ಗಾದೆ ಕಟ್ಟಿದೆವು.

ಇಷ್ಟು ಓದಿದವರಲ್ಲಿ ಕೆಲವರು, ನಾವು ಮೊದಲೇ ಹೇಳಿರಲಿಲ್ಲವೇ, ಶೌಚಾಲಯ ಇಲ್ಲದ ಶಾಲೆಗೆ ಕಂಪ್ಯೂಟರ್ ಯಾಕೆ ಎನ್ನಬಹುದು. ಈ ಮಾತಿಗೆ ತೂಕವಿದೆ. 2006ರಲ್ಲಿ ಭಾರತ ಸರಕಾರ ನೆಗ್ರೊಪಾಂಟೆಯವರ ಲ್ಯಾಪ್‌ಟಾಪನ್ನು ಬೇಡ ಎಂದಾಗ ಕೊಟ್ಟ ಕಾರಣವೂ ಹೆಚ್ಚುಕಡಿಮೆ ಇದೇ. ನಮಗೆ ಈಗ ತುರ್ತಾಗಿ ಬೇಕಾದದ್ದು ತರಗತಿ ಕೋಣೆಗಳು ಮತ್ತು ಶಿಕ್ಷಕರು ಎಂದು ಮಾನವ ಸಂಪನ್ಮೂಲ ಇಲಾಖೆ ಹೇಳಿತು. ನಮ್ಮ ಕರ್ನಾಟಕದಲ್ಲೇ, ಸರಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಮೂಲಕ ಕಲಿಕೆಯನ್ನು ವರ್ಷಗಟ್ಟಲೆ ನಡೆಸಿದ ಅಜೀಂ ಪ್ರೇಮ್‌ಜಿ ಫೌಂಡೇಶನ್, ಯಂತ್ರದಿಂದ ಆಗುವುದು ಬಹಳ ಮಿತ ಎಂದು ತಾನೇ ಕಂಡುಕೊಂಡು ಶಿಕ್ಷಕರ ಕಡೆಗೆ ತಿರುಗಿತು. ಕಂಪ್ಯೂಟರಿನಿಂದಲೇ ಸಂಪಾದಿಸಿದ ಹಣದಿಂದ ನಡೆಯುವ ಸಂಸ್ಥೆಯೊಂದು ಹೀಗೆ ಹೇಳಿದ್ದು ದೊಡ್ಡ ಮಾತು.

ಆದರೆ ಇದೇ ಮಾತು ಬೇರೆ ಬಾಯಲ್ಲಿ ಬೇರೆ ಅರ್ಥ ಪಡೆಯುತ್ತದೆ. ಬಡವರ ಮಕ್ಕಳಿಗೆ ಕಂಪ್ಯೂಟರ್ ಯಾಕೆ ಎಂದು ಕೇಳುವವರ ಸ್ವಂತ ಮಕ್ಕಳು ಯಾವ ಕೋಣೆಯಲ್ಲಿ ಕೂತಿದ್ದಾರೆ? ಮೊದಲು ಅನ್ನ, ಆಮೇಲೆ ಅಕ್ಷರ, ಅದೂ ಆದ ಮೇಲೆ ಯಂತ್ರ ಎಂಬ ಸರದಿಯ ಸಾಲನ್ನು ತಮ್ಮ ಮಕ್ಕಳಿಗೆ ಅವರು ಎಂದಾದರೂ ಹಾಕಿದ್ದಾರೆಯೇ? ನಮ್ಮ ಮುಸ್ಲಿಮ್ ಮನೆಗಳಲ್ಲಿ, ಮತ್ತು ನಮ್ಮ ಮನೆಗಳಲ್ಲಿ ಮಾತ್ರವಲ್ಲ, ಹೆಣ್ಣುಮಕ್ಕಳಿಗೆ ಓದಲು ಬಂದರೆ ಸಾಕು, ಬರೆಯಲು ಯಾಕೆ ಎಂದು ಕೇಳುತ್ತಿದ್ದ ಕಾಲವೊಂದಿತ್ತು. ಅವರಿಗೆ ಇಷ್ಟು ಸಾಕು ಎಂಬ ತೀರ್ಪನ್ನು ಯಾವಾಗಲೂ ಎಲ್ಲ ಉಳ್ಳವರೇ ಕೊಡುತ್ತಾರೆ. ಕೇಳದೆ ಕೊಟ್ಟವರೂ ಕೇಳದೆ ಬೇಡ ಎಂದವರೂ ಮಾಡಿದ ತಪ್ಪು ಒಂದೇ. ಇಬ್ಬರೂ ಆ ಮಗುವಿನ ಮುಂದೆ, ಆ ಶಿಕ್ಷಕಿಯ ಮುಂದೆ ಕೂತು ಏನು ಬೇಕು ಎಂದು ವಿಚಾರಿಸಲಿಲ್ಲ.

ಈ ತೀರ್ಪಿನ ಬೆಲೆ ಎಷ್ಟೆಂದು 2020ರಲ್ಲಿ ತಿಳಿಯಿತು. ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಪಾಠವೆಲ್ಲ ಪರದೆಯ ಹಿಂದೆ ಹೋಯಿತು. ಪರದೆ ಇಲ್ಲದ ಮನೆಯ ಮಗುವಿಗೆ ಶಾಲೆಯೇ ಇಲ್ಲವಾಯಿತು. ಮನೆಗೊಂದೇ ಇದ್ದ ಮೊಬೈಲು ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಕೂಲಿಗೆ ಹೋದರೆ ರಾತ್ರಿಯೇ ವಾಪಸು. ಅಣ್ಣ ತಂಗಿ ಇಬ್ಬರಿದ್ದರೆ ಅದು ಮೊದಲು ಯಾರ ಕೈಗೆ ಹೋಗುತ್ತಿತ್ತೆಂದು ಹೇಳಬೇಕಾಗಿಲ್ಲ. ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಂದರೆ ಒಂದೂವರೆ ವರ್ಷದ ಮೇಲೆ. ಆ ನಡುವೆ ವಿದ್ಯಾಗಮ ಯೋಜನೆಯಡಿ ಶಿಕ್ಷಕರೇ ಓಣಿಗಳಿಗೆ ಹೋಗಿ ಗುಡಿಯ ಜಗಲಿ, ಮರದ ನೆರಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದ್ದನ್ನು ಇಲ್ಲಿ ನೆನೆಯಬೇಕು. ಯಂತ್ರ ಮುಟ್ಟದ ಕಡೆಗೆ ಮನುಷ್ಯರು ನಡೆದುಕೊಂಡು ಹೋದರು. ಅತ್ತ ಉರುಗ್ವೆಯಲ್ಲಿ ಹದಿಮೂರು ವರ್ಷಗಳಿಂದ ಕಟ್ಟಿಕೊಂಡು ಬಂದ ಸೇಬಾಲ್ ಅಂದಿನ ಅಗತ್ಯಕ್ಕೆ ಸಿದ್ಧವಾಗಿ ಕೂತಿತ್ತು. ಅಂಕಗಳ ಪಟ್ಟಿಯಲ್ಲಿ ಕಾಣದ ಒಂದು ಲಾಭ ಆ ದಿನ ಕಂಡಿತು.

ಆದ್ದರಿಂದ ಕೊಡಬೇಕೇ ಬೇಡವೇ ಎಂಬ ವಾದದಲ್ಲಿ ನಮಗೆ ಆಸಕ್ತಿ ಉಳಿದಿಲ್ಲ. ಕೊಡಬೇಕು. ಹೇಗೆ ಕೊಡಬೇಕು ಎಂಬುದಕ್ಕೆ ನಮ್ಮದೇ ನೆಲದಲ್ಲಿ ಒಂದು ಹಳೆಯ ಪದವಿದೆ. ಕನ್ನಡದ ಶಾಸನಗಳನ್ನು ಓದಿದವರಿಗೆ ಕಟ್ಟುಕೊಡಗೆ ಎಂಬ ಮಾತು ಗೊತ್ತಿರುತ್ತದೆ. ಕೆರೆ ಕಟ್ಟುವವರಿಗೂ ಅದನ್ನು ನೋಡಿಕೊಳ್ಳುವವರಿಗೂ ಬಿಟ್ಟುಕೊಡುತ್ತಿದ್ದ ಭೂಮಿ ಅದು. ಏರಿಗೆ ಮಣ್ಣು ಹಾಕಲು, ಹೂಳು ತೆಗೆಯಲು, ತೂಬು ಸರಿಪಡಿಸಲು ಖರ್ಚು ಬರುತ್ತದೆಯಲ್ಲ, ಅದಕ್ಕೆ ಮೊದಲೇ ಏರ್ಪಾಡು. ವಕ್ಫ್‌ನ ಪದ್ಧತಿಯಲ್ಲೂ ಇದೇ ವಿವೇಕವಿದೆ. ಬಾವಿಯನ್ನೋ ಮದ್ರಸವನ್ನೋ ವಕ್ಫ್ ಮಾಡುವವರು ಅದರ ನಿರ್ವಹಣೆಗೆ ಹೊಲವನ್ನೋ ಅಂಗಡಿಯ ಬಾಡಿಗೆಯನ್ನೋ ಜೊತೆಗೆ ಬರೆದಿಡುತ್ತಿದ್ದರು, ನೋಡಿಕೊಳ್ಳಲು ಮುತವಲ್ಲಿಯನ್ನು ನೇಮಿಸುತ್ತಿದ್ದರು. ಹಗ್ಗವಿಲ್ಲದ ಬಾವಿಯಿಂದ ಪುಣ್ಯ ಹರಿಯುವುದಿಲ್ಲವೆಂದು ಅವರಿಗೆ ತಿಳಿದಿತ್ತು. ಹಸಿರು ಲ್ಯಾಪ್‌ಟಾಪಿನ ದಾನಕ್ಕೆ ಇಲ್ಲದೆ ಹೋದದ್ದು ಈ ಕಟ್ಟುಕೊಡಗೆ.

ಒಂದು ಶಾಲೆಗೆ ಹತ್ತು ಕಂಪ್ಯೂಟರ್ ಕೊಡುವವರು ಐದನ್ನು ಕೊಟ್ಟು, ಉಳಿದ ಹಣವನ್ನು ಕರೆಂಟ್ ಬಿಲ್ಲಿಗೆ, ಬ್ಯಾಟರಿಗೆ, ರಿಪೇರಿಯವನ ಸಂಬಳಕ್ಕೆ ತೆಗೆದಿಟ್ಟರೆ ಅದು ದೊಡ್ಡ ದಾನ. ಒಡೆದರೆ ಚಿಂತೆಯಿಲ್ಲ, ಮಕ್ಕಳು ಮುಟ್ಟಲಿ ಎಂದು ದಾಸ್ತಾನು ಪುಸ್ತಕದಲ್ಲೇ ಬರೆದು ಸಹಿ ಮಾಡಿಕೊಟ್ಟರೆ ಅದು ಇನ್ನೂ ದೊಡ್ಡದು. ಶಿಕ್ಷಕಿಯನ್ನು ಒಂದು ವರ್ಷ ಕೈಹಿಡಿದು ನಡೆಸುವವರು ಸಿಕ್ಕರೆ ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ಭಾಷೆಯ ಮಾತನ್ನೂ ಮರೆಯುವ ಹಾಗಿಲ್ಲ. ಇಥಿಯೋಪಿಯಾದ ಎರಡು ಹಳ್ಳಿಗಳಲ್ಲಿ ಶಿಕ್ಷಕರಿಲ್ಲದೆ ಟ್ಯಾಬ್ಲೆಟ್‌ಗಳ ಪೆಟ್ಟಿಗೆಯನ್ನು ಬಿಟ್ಟುಬಂದ ಪ್ರಯೋಗದ ಬಗ್ಗೆ ನೆಗ್ರೊಪಾಂಟೆ 2012ರಲ್ಲಿ ಹೇಳುತ್ತಾ, ಎರಡೇ ವಾರಗಳಲ್ಲಿ ಮಕ್ಕಳು ಎಬಿಸಿಡಿ ಹಾಡುತ್ತಿದ್ದರು ಎಂದು ಸಂತೋಷಪಟ್ಟರು. ಮಕ್ಕಳ ಚುರುಕುತನಕ್ಕೆ ನಾವೂ ಸಂತೋಷಪಡುತ್ತೇವೆ. ಆದರೆ ಆ ಮಕ್ಕಳ ಅಜ್ಜಿಯ ಹಾಡು ಆ ಪೆಟ್ಟಿಗೆಯಲ್ಲಿ ಇತ್ತೇ? ಉರ್ದು ಮತ್ತು ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತ ನಮಗೆ ಕಂಪ್ಯೂಟರ್ ಮೊದಲು ಸಿಕ್ಕಾಗ ಅದರ ಕೀಲಿಮಣೆಯಲ್ಲಿ ಅಲಿಫ್ ಇರಲಿಲ್ಲ, ಅ ಕೂಡ ಇರಲಿಲ್ಲ. ಆ ಭಾಷೆಗಳನ್ನು ಬಲ್ಲವರು ಕೂತು ಉರ್ದುವಿಗೆ ಇನ್‌ಪೇಜ್, ಕನ್ನಡಕ್ಕೆ ಬರಹ, ನುಡಿಗಳನ್ನು ಮಾಡಿಕೊಟ್ಟ ಮೇಲೆಯೇ ಯಂತ್ರ ನಮ್ಮದಾಯಿತು. ಒಂದು ಭಾಷೆಯ ಮಕ್ಕಳಿಗೆ ಆ ಭಾಷೆಯ ಅಕ್ಷರ ತುಂಬಿಕೊಡುವುದೂ ಕಟ್ಟುಕೊಡಗೆಯೇ.

ಕೋಟಿಗಟ್ಟಲೆ ಮಕ್ಕಳನ್ನು ಮುಟ್ಟಬೇಕೆಂದಿದ್ದ ಆ ಹಸಿರು ಯಂತ್ರ ಕೊನೆಗೆ ಮುಟ್ಟಿದ್ದು ಸುಮಾರು 30 ಲಕ್ಷ ಮಕ್ಕಳನ್ನು. ಅವರೆಲ್ಲ ಈಗ ದೊಡ್ಡವರಾಗಿದ್ದಾರೆ. ಆಂಡೀಸ್‌ನ ಯಾವುದೋ ಹಳ್ಳಿಯ ಬೀರುವಿನಲ್ಲಿ ಒಂದೆರಡು ಯಂತ್ರಗಳು ಇನ್ನೂ ಇದ್ದಾವು. ಮುಂದಿನ ದಾನದ ಹಡಗು ಟ್ಯಾಬ್ಲೆಟ್ಟನ್ನೋ, ಮಾತಾಡುವ ಯಂತ್ರಬುದ್ಧಿಯನ್ನೋ ಹೊತ್ತು ಈಗಾಗಲೇ ಹೊರಟಿದೆ. ಅದು ದಡ ಮುಟ್ಟುವ ಮೊದಲು ಆ ಊರಿನ ಶಿಕ್ಷಕಿಗೆ ಒಂದು ಕಾಗದ ಬರೆದು, ತಾಯಿ, ನಿಮ್ಮ ಶಾಲೆಯ ಅಳತೆ ಎಷ್ಟು ಎಂದು ಕೇಳುವವರು ಯಾರಾದರೂ ಹಡಗಿನಲ್ಲಿ ಇದ್ದಾರೆಯೇ ಎಂಬುದನ್ನು ನಾವು ತಿಳಿಯಬಯಸುತ್ತೇವೆ.